ಹದಿನೇಳನೆಯ ಪೀಠ

ಶಿಲ್ಪೋದ್ಯಾನದ ಹದಿನೇಳನೆಯ ಪೀಠದ ಮೇಲೆ, ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ, ನಿವೃತ್ತ ಬಸ್ ಕಂಡಕ್ಟರೊಬ್ಬರು ಮೊಣಕಾಲು ನೋವಿನ ಕಾರಣದಿಂದ ಕುಳಿತುಕೊಂಡರು. ಉದ್ಯಾನದ ವ್ಯವಸ್ಥಾಪಕರು ಈ ಸಂಗತಿಯನ್ನು ಮೇಲಿನ ಕಚೇರಿಗೆ ಮೂರು ಪ್ರತಿಗಳಲ್ಲಿ ತಿಳಿಸಿದ್ದಾರೆ. ಪೀಠಕ್ಕೆ ಹಾನಿಯಾಗಿಲ್ಲ.

ಆ ಹೊತ್ತಿಗೆ ಮಾರ್ಗದರ್ಶಿ ಹದಿನೆಂಟನೆಯ ಶಿಲ್ಪದ ಮುಂದೆ ನಿಂತು, ಉಳಿದ ಹನ್ನೊಂದು ಜನರಿಗೆ ವಿವರಣೆ ಕೊಡುತ್ತಿದ್ದಳು. ಮಾರ್ಗದರ್ಶಿ ಎಂದರೆ ಹಿಂದುಮುಂದಾಗಿ ನಡೆಯುವವಳು. ಜನರ ಕಡೆಗೆ ಮುಖ, ದಾರಿಯ ಕಡೆಗೆ ಬೆನ್ನು. ಹನ್ನೊಂದು ವರ್ಷದಿಂದ ಅವಳು ಈ ಉದ್ಯಾನವನ್ನು ಹೀಗೇ ಸುತ್ತಿದ್ದಳು. ಎಲ್ಲಿ ಮೆಟ್ಟಿಲು, ಎಲ್ಲಿ ಬೇರು ಎದ್ದಿದೆ ಎಂಬುದೆಲ್ಲ ಅವಳ ಹಿಮ್ಮಡಿಗೆ ಗೊತ್ತಿತ್ತು. ಆದರೂ ಅವಳು ತಾತ್ಕಾಲಿಕ ನೌಕರಳು. ಕಾಯಂ ಆಗಬೇಕಾದರೆ ಸತತ ಸಾವಿರ ನಡಿಗೆಗಳನ್ನು ತಪ್ಪಿಲ್ಲದೆ ಮುಗಿಸಬೇಕೆಂದು ನಿಯಮವಿತ್ತು. ತಪ್ಪಿಲ್ಲದೆ ಎಂದರೆ ಇಷ್ಟೇ: ಎಷ್ಟು ಜನ ಒಳಗೆ ಹೋದರೋ ಅಷ್ಟೇ ಜನ ಹೊರಗೆ ಬರಬೇಕು. ಒಳಬಾಗಿಲಲ್ಲಿ ಒಂದು ಚೀಟಿ ತೆರೆಯುತ್ತದೆ, ಹೊರಬಾಗಿಲಲ್ಲಿ ಅದೇ ಚೀಟಿ ಮುಚ್ಚುತ್ತದೆ. ಎರಡು ಅಂಕಿ ಹೊಂದದಿದ್ದರೆ ಎಣಿಕೆ ಮತ್ತೆ ಒಂದರಿಂದ ಶುರು.

ಒಮ್ಮೆ ಹೀಗೆ ಶುರುವಾಗಿಯೂ ಇತ್ತು. ಆರುನೂರ ಹನ್ನೆರಡನೆಯ ನಡಿಗೆಯಲ್ಲಿ ತುಂಬು ಬಸುರಿಯೊಬ್ಬಳಿಗೆ ಒಂಬತ್ತನೆಯ ಶಿಲ್ಪದ ಹತ್ತಿರ ಹೆರಿಗೆಯಾಗಿ, ಎಂಟು ಜನ ಒಳಗೆ ಹೋದವರು ಒಂಬತ್ತು ಜನ ಹೊರಗೆ ಬಂದಿದ್ದರು. ಮಾರ್ಗದರ್ಶಿಯ ಮೇಲ್ಮನವಿ ತಿರಸ್ಕೃತವಾಯಿತು. ಹೆಚ್ಚುವರಿ ವ್ಯಕ್ತಿ ಟಿಕೆಟಿಲ್ಲದೆ ಉದ್ಯಾನದಲ್ಲಿ ಇದ್ದದ್ದು ಸಾಬೀತಾಗಿತ್ತು.

ಈ ಮಂಗಳವಾರದ್ದು ಒಂಬೈನೂರ ತೊಂಬತ್ತೆಂಟನೆಯ ನಡಿಗೆ.

ಹದಿನೇಳನೆಯ ಪೀಠ ಖಾಲಿ ಇದ್ದುದಕ್ಕೂ ಕಾರಣವಿತ್ತು. ಅಲ್ಲಿದ್ದ ‘ಕುಳಿತ ಮನುಷ್ಯ’ ಎಂಬ ಕಲ್ಲಿನ ಶಿಲ್ಪದ ಮೂಗು ಮುರಿದು, ನಾಲ್ಕು ವರ್ಷದ ಹಿಂದೆ ರಿಪೇರಿಗೆ ಹೋಗಿತ್ತು. ಮೂಗಿನ ಅಳತೆ ಎಷ್ಟಿರಬೇಕು ಎಂಬುದರ ಬಗ್ಗೆ ಪತ್ರವ್ಯವಹಾರ ನಡೆದಿತ್ತು. ಕಂಡಕ್ಟರಿಗೆ ಇದು ಗೊತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ನಿಂತೇ ಕೆಲಸ ಮಾಡಿದ ಮನುಷ್ಯ. ಕೂರುವಷ್ಟು ಎತ್ತರದ ಚೌಕ ಕಲ್ಲು ಕಂಡಿತು, ಕೂತರು. ಮೊಣಕಾಲ ಮೇಲೆ ಎರಡು ಕೈ ಇಟ್ಟು, ಉಸ್ಸಪ್ಪಾ ಎಂದರು.

ಸರಿಯಾಗಿ ಆಗ, ತಿರುವಿನಲ್ಲಿ ತಪಾಸಣಾಧಿಕಾರಿ ಕಾಣಿಸಿಕೊಂಡರು. ಐದು ವರ್ಷಕ್ಕೊಮ್ಮೆ ಶಿಲ್ಪಗಳನ್ನು ಎಣಿಸುವುದು ಅವರ ಕೆಲಸ. ಹಿಂದೆ ರಿಜಿಸ್ಟರ್ ಹಿಡಿದ ಗುಮಾಸ್ತ, ಅವನ ಇನ್ನೊಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ಕುಂಚ. ಕೊನೆಯಲ್ಲಿ ಬೆವರುತ್ತಾ ವ್ಯವಸ್ಥಾಪಕರು.

ರಿಜಿಸ್ಟರ್ ಹಿಡಿದವರನ್ನು ಕಂಡ ಕೂಡಲೇ ಕಂಡಕ್ಟರು ಕಲ್ಲಾದರು. ಇದು ಅವರ ವೃತ್ತಿಯ ಅಭ್ಯಾಸ. ಚೆಕಿಂಗಿನವರು ಬಸ್ ಹತ್ತಿದಾಗ ಅಲ್ಲಾಡಬಾರದು, ಮಾತಾಡಬಾರದು, ಕೇಳುವವರೆಗೂ ಏನನ್ನೂ ತೋರಿಸಬಾರದು. ಇಷ್ಟು ಪಾಲಿಸಿಯೇ ಅವರು ಒಂದೂ ಕಪ್ಪು ಚುಕ್ಕೆಯಿಲ್ಲದೆ ನಿವೃತ್ತರಾಗಿದ್ದರು.

“ಹದಿನೇಳು. ಕುಳಿತ ಮನುಷ್ಯ, ಒಂದು,” ಎಂದು ಗುಮಾಸ್ತ ಓದಿದ. “ವಯಸ್ಸಾದ ಗಂಡಸು. ಮುಖದಲ್ಲಿ ಆಯಾಸ.”

ಅಧಿಕಾರಿ ಮುಖ ನೋಡಿದರು. “ಇದೆ.”

“ಸಾರ್, ಉಸಿರಾಡ್ತಾ ಇದೆ.”

“ಅದಕ್ಕೆ ಕಾಲಂ ಇದೆಯೇನಯ್ಯಾ?”

ಗುಮಾಸ್ತ ಹಾಳೆಯನ್ನು ಆಚೆ ಈಚೆ ಮಾಡಿದ. “ಇಲ್ಲ ಸಾರ್. ಬಿರುಕು, ಪಾಚಿ, ಹಕ್ಕಿ ಹಿಕ್ಕೆ. ಮೂರೇ.”

“ಮೂರೂ ಇಲ್ಲ ಅಂತ ಬರಿ. ಮುಂದೆ ನಡಿ.”

ಗುಮಾಸ್ತ ಬಗ್ಗಿ, ಕಂಡಕ್ಟರ ಎಡ ಚಪ್ಪಲಿಯ ಹಿಂಭಾಗಕ್ಕೆ ಕೆಂಪು ಬಣ್ಣದಲ್ಲಿ ಹದಿನೇಳು ಎಂದು ಬರೆದ. ಬಣ್ಣ ಸ್ವಲ್ಪ ಹಿಮ್ಮಡಿಗೂ ತಗುಲಿತು. ಕಂಡಕ್ಟರು ಅಲ್ಲಾಡಲಿಲ್ಲ.

ಅವತ್ತು ಮಧ್ಯಾಹ್ನ ಅಧಿಕಾರಿ ಪ್ರಮಾಣಪತ್ರಕ್ಕೆ ಸಹಿ ಹಾಕಿದರು: ರಿಜಿಸ್ಟರಿನಲ್ಲಿ ಮೂವತ್ತೊಂದು, ಸ್ಥಳದಲ್ಲಿ ಮೂವತ್ತೊಂದು. ಉದ್ಯಾನದ ಇತಿಹಾಸದಲ್ಲಿ ಎರಡೂ ಒಂದೇ ಆಗಿದ್ದು ಇದೇ ಮೊದಲು. ವ್ಯವಸ್ಥಾಪಕರಿಗೆ ಅಭಿನಂದನಾ ಪತ್ರ ಬರುವುದೆಂದು ಮೌಖಿಕವಾಗಿ ತಿಳಿಸಲಾಯಿತು.

ಹೊರಬಾಗಿಲಲ್ಲಿ ಮಾತ್ರ ಕೆಲಸ ನಿಂತಿತ್ತು. “ಹನ್ನೊಂದು,” ಎಂದು ಬಾಗಿಲು ಕಾಯುವವನು ಎಣಿಸಿದ. “ಇನ್ನೊಂದು ಎಲ್ಲಕ್ಕಾ?”

ಮಾರ್ಗದರ್ಶಿ ಓಡಿದಳು. ಈ ಸಲ ಮುಖ ಮುಂದೆ ಮಾಡಿಯೇ ಓಡಿದ್ದರಿಂದ ಎರಡು ಕಡೆ ಎಡವಿದಳು.

“ಯಜಮಾನ್ರೇ, ಏಳಿ. ಎಲ್ಲರೂ ಹೊರಗೆ ಕಾಯ್ತಿದ್ದಾರೆ.”

ಕಂಡಕ್ಟರು ಏಳಲು ಹೊರಟರು. ಪೊದೆಯ ಹಿಂದಿನಿಂದ ವ್ಯವಸ್ಥಾಪಕರು ಕೈ ಅಡ್ಡ ಹಿಡಿದು ಬಂದರು. “ಮುಟ್ಟಬೇಡ. ನಂಬರ್ ಬಿದ್ದಿದೆ.”

“ಸಾರ್, ಇವರು ನನ್ನ ಗುಂಪಿನವರು.”

“ಬೆಳಗ್ಗೆ ಹನ್ನೊಂದೂಕಾಲಿನವರೆಗೆ ಹೌದು. ಈಗ ಸಂಸ್ಥೆಯ ಆಸ್ತಿ. ನಂಬರ್ ಬಿದ್ದ ಕೃತಿಯನ್ನ ಪೀಠದಿಂದ ಇಳಿಸಬೇಕಾದ್ರೆ ವಿಲೇವಾರಿ ಸಮಿತಿ ಕೂರಬೇಕು. ಸಮಿತಿಗೆ ಏಳು ಜನ. ಅದರಲ್ಲಿ ಇಬ್ಬರು ತೀರಿಕೊಂಡಿದ್ದಾರೆ, ಅವರ ರಾಜೀನಾಮೆ ಇನ್ನೂ ಬಂದಿಲ್ಲ.”

“ನನ್ನ ಚೀಟಿ ಸಾರ್? ಇನ್ನು ಮೂರೇ ನಡಿಗೆ ನನಗೆ.”

“ಚೀಟಿ ಮುಚ್ಚಬೇಡ. ತೆರೆದೇ ಇರ್ಲಿ. ತೆರೆದಿರೋವರೆಗೂ ನಡಿಗೆ ನಡೀತಾ ಇದೆ ಅಂತಲೇ ಅರ್ಥ. ತಪ್ಪೂ ಅಲ್ಲ, ಸರಿಯೂ ಅಲ್ಲ.”

ಒಂದು ಚೀಟಿ ಮುಚ್ಚದೆ ಇನ್ನೊಂದು ತೆರೆಯುವಂತಿಲ್ಲವಾದ್ದರಿಂದ, ಒಂಬೈನೂರ ತೊಂಬತ್ತೆಂಟನೆಯ ನಡಿಗೆ ಮುಂದಿನ ಹತ್ತೊಂಬತ್ತು ದಿನ ನಡೆಯಿತು. ಗುಂಪಿನ ಹನ್ನೊಂದು ಜನ ಅವರವರ ಮನೆಗೆ ಹೋಗಿದ್ದರು. ಮಾರ್ಗದರ್ಶಿ ದಿನಾ ಬೆಳಗ್ಗೆ ಒಂಬತ್ತಕ್ಕೆ ಬಂದು, ಬ್ಯಾಡ್ಜ್ ಹಾಕಿಕೊಂಡು, ತಾವಾಗಿ ನೋಡಲು ಬಂದವರ ನಡುವೆ ಗುಂಪಿಲ್ಲದೆ ಒಬ್ಬಳೇ ಹಿಂದುಮುಂದಾಗಿ ನಡೆದು, ಹದಿನೇಳನೆಯ ಪೀಠದ ಹತ್ತಿರ ನಿಲ್ಲುತ್ತಿದ್ದಳು.

ಕಂಡಕ್ಟರ ವ್ಯವಸ್ಥೆಯಲ್ಲಿ ಲೋಪವಾಗಲಿಲ್ಲ. ಸಂಜೆ ಆರಕ್ಕೆ ಅವರನ್ನು ಸಾಮಾನು ಕೋಣೆಗೆ ಸ್ಥಳಾಂತರಿಸಿ, ಬೆಳಗ್ಗೆ ಮತ್ತೆ ಪೀಠದ ಮೇಲೆ ಸ್ಥಾಪಿಸಲಾಗುತ್ತಿತ್ತು. ವಾರಕ್ಕೊಮ್ಮೆ ತೊಳೆಯಬೇಕೆಂದು ನಿಯಮ. ಅವರು ತಾವೇ ಸ್ನಾನ ಮಾಡುತ್ತಿದ್ದುದರಿಂದ ತೊಳೆಯುವವನಿಗೆ ಬಿಡುವಾಯಿತು. ಊಟವನ್ನು ಹೆಂಡತಿ ಡಬ್ಬಿಯಲ್ಲಿ ತರುತ್ತಿದ್ದರು, ಪ್ರತಿಸಲವೂ ಟಿಕೆಟ್ ತೆಗೆದುಕೊಂಡು.

“ಮನೇಲೂ ಹೀಗೇ ಕೂತಿರ್ತಿದ್ರಾ ಅಂತ ಕೇಳ್ತಾರೆ ಬಂದೋರು,” ಎಂದು ಆಕೆ ಮಾರ್ಗದರ್ಶಿಗೆ ಹೇಳಿದರು. “ಎಲ್ಲಿ ಕೂರ್ತಿದ್ರು? ಬೆಳಗ್ಗೆ ಎದ್ರೆ ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಂಡು, ಅಲ್ಲಿ ಸರ್ಕೊ, ಇಲ್ಲಿ ಸರ್ಕೊ, ಒಳಗೆ ಹೋಗು ಒಳಗೆ ಹೋಗು ಅನ್ನೋದು. ಇಬ್ಬರೇ ಇರೋದು ನಾವು. ಸಾಕಾಗಿತ್ತು ನನಗೆ.” ಆಮೇಲೆ ಗಂಡನ ಕಡೆ ತಿರುಗಿ, “ರೀ, ಬಾಯಿ ಒರೆಸ್ಕೊಳ್ಳಿ. ಮಕ್ಕಳು ಫೋಟೊ ತೆಗೀತಿದ್ದಾರೆ,” ಎಂದರು.

“ನಿಮಗೆ ಕರ್ಕೊಂಡು ಹೋಗ್ಬೇಕು ಅನ್ನಿಸಲ್ವಾ ಅಮ್ಮ?”

“ಅರ್ಜಿ ಕೊಟ್ಟೆ. ಕೃತಿಗೂ ನನಗೂ ಸಂಬಂಧ ಏನು ಅಂತ ಕೇಳಿದ್ರು. ಹೆಂಡತಿ ಅಂದೆ. ಶಿಲ್ಪಿ, ದಾನಿ, ಇಲಾಖೆ, ಈ ಮೂರರಲ್ಲಿ ಒಂದಕ್ಕೆ ಗುರುತು ಹಾಕಿ ಅಂದ್ರು.” ಆಕೆ ಡಬ್ಬಿ ಮುಚ್ಚಿದರು. “ದಾನಿಗೆ ಹಾಕಿ ಬಂದೆ.”

ಇಪ್ಪತ್ತನೆಯ ದಿನ ‘ಕುಳಿತ ಮನುಷ್ಯ’ ಹೊಸ ಮೂಗಿನೊಂದಿಗೆ ಲಾರಿಯಲ್ಲಿ ಬಂದಿಳಿಯಿತು.

ಮಾರ್ಗದರ್ಶಿಗೆ ಹೋದ ಜೀವ ಬಂದಂತಾಯಿತು. ಕಲ್ಲನ್ನು ಪೀಠಕ್ಕೇರಿಸುವುದು, ಮನುಷ್ಯನನ್ನು ಬಾಗಿಲಿಗೆ ಕಳಿಸುವುದು; ಹನ್ನೆರಡಕ್ಕೆ ಹನ್ನೆರಡು. ಅವಳು ಹೀಗೆಂದು ಹೇಳಿದಾಗ ವ್ಯವಸ್ಥಾಪಕರು ಮರುಕದಿಂದ ಅವಳನ್ನು ನೋಡಿದರು.

“ತಪಾಸಣೆ ಆಗಿದ್ದು ಯಾವುದಕ್ಕೆ? ಇವರಿಗೆ. ನಂಬರ್ ಇರೋದು ಯಾರಿಗೆ? ಇವರಿಗೆ. ಈ ಕಲ್ಲಿಗೆ ಏನಿದೆ ಆಧಾರ?”

“ಮೂಲ ಶಿಲ್ಪ ಅಲ್ವಾ ಸಾರ್ ಇದು?”

“ಹಾಗಂತ ಅದು ಹೇಳ್ಕೊಳ್ಳೋಕಾಗುತ್ತಾ? ಇದನ್ನ ಒಳಗೆ ಬಿಟ್ಕೊಂಡ್ರೆ ಮೂವತ್ತೆರಡು ಆಗುತ್ತೆ. ಒಂದು ಜಾಸ್ತಿ ಹೇಗಾಯ್ತು ಅಂತ ವಿಚಾರಣೆ ಮಾಡ್ತಾರೆ. ಕಡಿಮೆ ಆದ್ರೆ ಕಳುವು ಅನ್ನಬಹುದು, ಜಾಸ್ತಿ ಆದ್ರೆ ಏನನ್ನೋದು?”

“ವಾಪಸ್ ತಗೊಂಡು ಹೋಗಲ್ಲ ಸ್ವಾಮಿ,” ಎಂದ ಲಾರಿ ಡ್ರೈವರ್. “ಸಹಿ ಬೇಕು. ಯಾರಾದ್ರೂ ಹಾಕಿ.”

ಆಗ ಪೀಠದ ಮೇಲಿಂದ ಕಂಡಕ್ಟರು ಗಂಟಲು ಸರಿಮಾಡಿಕೊಂಡರು.

“ಏನಮ್ಮಾ, ನಿನಗೆ ತಲೆ ಒಂದು ಕಡಿಮೆ. ಇವರಿಗೆ ಒಂದು ಜಾಸ್ತಿ. ಅಷ್ಟೇ ತಾನೇ?” ಅವರು ಜೇಬಿನಿಂದ ಇಪ್ಪತ್ತು ದಿನದ ಹಳೆಯ ಟಿಕೆಟ್ ತೆಗೆದರು. ಅದು ಒಂದಿಷ್ಟೂ ಮಾಸದಂತೆ ನಾಲ್ಕು ಮಡಿಕೆಯಾಗಿತ್ತು. “ಇದನ್ನ ಆ ಕಲ್ಲಿನವನ ಕೈಗಿಡು. ಕರ್ಕೊಂಡು ಹೋಗು.”

ಮಾರ್ಗದರ್ಶಿ ಟಿಕೆಟ್ ಮುಟ್ಟಲಿಲ್ಲ. ಅವರ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದಳು: “ಅದಾದ್ಮೇಲೆ ನೀವು ಇಲ್ಲೇ ಉಳೀತೀರಿ ಯಜಮಾನ್ರೇ. ಒಳಗೆ ಬಂದೋರೆಲ್ಲ ಹೊರಗೆ ಹೋದ್ರು ಅಂತ ಬರೆದಾಗುತ್ತೆ. ಆಮೇಲೆ ನಿಮ್ಮನ್ನ ಹುಡುಕೋಕೂ ಕಾರಣ ಇರಲ್ಲ. ಈಗಲೇ ಇಳಿದು ಬನ್ನಿ. ಬೇಲಿ ಕಡೆಯಿಂದ ನಾನೇ ದಾಟಿಸ್ತೀನಿ. ಬಾಗಿಲಲ್ಲಿ ಚೀಟಿ ಹೊಂದಲ್ಲ, ಹೋಗ್ಲಿ. ಮತ್ತೆ ಒಂದರಿಂದ ನಡೀತೀನಿ.”

ಕಂಡಕ್ಟರು ಅವಳ ಕಾಲನ್ನು ನೋಡಿದರು. ಅವಳ ಬೂಟು ಹಿಮ್ಮಡಿಗಿಂತ ತುದಿಯಲ್ಲಿ ಹೆಚ್ಚು ಸವೆದಿತ್ತು.

“ಮೂವತ್ತನಾಲ್ಕು ವರ್ಷ ನಿಂತೆ ತಾಯಿ. ಬಸ್ಸಿನ ತುಂಬ ಸೀಟು, ಒಬ್ಬನೂ ಕೂತ್ಕೊಳ್ಳಿ ಅನ್ನಲಿಲ್ಲ. ಇಲ್ಲಿ ಕೂತ್ರೆ ಏಳ್ಬೇಡಿ ಅಂತಾರೆ.” ಟಿಕೆಟನ್ನು ಅವಳ ಅಂಗೈಯಲ್ಲಿಟ್ಟರು. “ನಿನ್ನ ಮೊಣಕಾಲು ಇನ್ನೂ ಗಟ್ಟಿ ಇದೆ. ಇರುವಾಗಲೇ ಕಾಯಂ ಮಾಡ್ಕೋ.”

ಅದನ್ನು ಮರಳಿಸಲು ಅವಳು ಎಷ್ಟು ಸಲ ಕೈ ಚಾಚಿದಳು ಎಂಬುದು ದಾಖಲೆಯಲ್ಲಿಲ್ಲ. ಆಮೇಲೆ ಟಿಕೆಟ್ ಮುಷ್ಟಿಯಲ್ಲಿ ಹಿಡಿದು, ಶಿಲ್ಪವನ್ನು ಕೈಗಾಡಿಯ ಮೇಲೆ ಇಡಿಸಿ, ಅದರ ಕಡೆ ಮುಖ ಮಾಡಿ, ಹಿಂದುಮುಂದಾಗಿ ಹೊರಬಾಗಿಲಿಗೆ ನಡೆದಳು. ಉಳಿದ ಹದಿನಾಲ್ಕು ಶಿಲ್ಪಗಳ ವಿವರಣೆಯನ್ನು ದಾರಿಯಲ್ಲಿ ಪೂರ್ತಿ ಕೊಟ್ಟಳು. ಟಿಕೆಟಿನಲ್ಲಿ ಅದು ಸೇರಿತ್ತು.

ಬಾಗಿಲು ಕಾಯುವವನು ಟಿಕೆಟ್ ನೋಡಿದ, ಕೈಗಾಡಿ ನೋಡಿದ. “ದೊಡ್ಡವರು, ಒಂದು. ಸರಿ. ಆದ್ರೆ ಇದು ನಡಿಗೆ ಅಲ್ವೇನಕ್ಕಾ? ಇವರು ನಡೀತಾ ಇಲ್ವಲ್ಲ.”

“ಮೊಣಕಾಲು ನೋವು.”

“ಹಾಗಾದ್ರೆ ಸರಿ. ಜೋಪಾನ ಯಜಮಾನ್ರೇ, ಹೊಸ್ತಿಲಿದೆ.” ಅವನು ಚೀಟಿಯಲ್ಲಿ ಹನ್ನೆರಡು ಎಂದು ಬರೆದು ಮುಚ್ಚಿದ.

ನಡೆಯಲಾಗದ ಸಂದರ್ಶಕರನ್ನು ಮನೆಗೆ ತಲುಪಿಸಬೇಕೆಂಬ ನಿಯಮದಂತೆ ಲಾರಿ ಶಿಲ್ಪವನ್ನು ಹೊತ್ತು ಕಂಡಕ್ಟರ ಮನೆಗೆ ಹೋಯಿತು. ಹೆಂಡತಿ ಬಾಗಿಲು ತೆಗೆದು, ಮೂಗನ್ನು ಬಹಳ ಹೊತ್ತು ನೋಡಿ, ಡ್ರೈವರ್ ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಎಲ್ಲಿ ಇಡಬೇಕೆಂದು ಅವನು ಕೇಳಿದ. ಅಡುಗೆಮನೆ ಬಾಗಿಲೊಂದು ಬಿಟ್ಟು ಎಲ್ಲಾದರೂ ಇಡಪ್ಪಾ ಎಂದರು.

ಒಂಬೈನೂರ ತೊಂಬತ್ತೊಂಬತ್ತನೆಯ ನಡಿಗೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಸಾವಿರನೆಯದರಲ್ಲಿ ಮಾರ್ಗದರ್ಶಿ ಹದಿನೇಳನೆಯ ಪೀಠದ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ನಿಂತಳು. ಗುಂಪಿನಲ್ಲಿದ್ದ ಕನ್ನಡಕದ ಹೆಂಗಸೊಬ್ಬರು ಹತ್ತಿರ ಹೋಗಿ, ಮಂಡಿ, ಪಾದ, ಕುತ್ತಿಗೆಯ ನರಗಳನ್ನು ಪರೀಕ್ಷಿಸಿದರು.

“ಎಷ್ಟು ನೈಜವಾಗಿದೆ. ಇದನ್ನ ಮಾಡಿದ್ದು ಯಾರು?”

“ಸಾರಿಗೆ ಇಲಾಖೆ,” ಎಂದಳು ಮಾರ್ಗದರ್ಶಿ. “ಮೂವತ್ತನಾಲ್ಕು ವರ್ಷ ಹಿಡಿಯಿತು.”

ಹೆಂಗಸು ತಲೆದೂಗಿ ಬರೆದುಕೊಂಡರು. ಕಂಡಕ್ಟರು ಅಲ್ಲಾಡಲಿಲ್ಲ.

ಮರುವಾರ ಮಾರ್ಗದರ್ಶಿಯ ಕಾಯಂ ಆದೇಶ ಹೊರಬಿತ್ತು. ಕಾಯಂ ನೌಕರರು ಕಚೇರಿಯೊಳಗೆ ಕುಳಿತು ಕೆಲಸ ಮಾಡತಕ್ಕದ್ದೆಂದು ಅದರಲ್ಲಿದ್ದುದರಿಂದ ಅವಳಿಗೆ ಒಂದು ಮೇಜು, ಒಂದು ಕುರ್ಚಿ ಕೊಡಲಾಗಿದೆ. ಕುರ್ಚಿಯ ಕಾಲಿಗೆ ನಂಬರ್ ಹಾಕಲು ಬಂದ ಗುಮಾಸ್ತ ಅವಳನ್ನು ಎದ್ದು ನಿಲ್ಲುವಂತೆ ಕೇಳಿಕೊಂಡ; ಅವಳು ತಕ್ಷಣ ಎದ್ದು, ಗೋಡೆಯವರೆಗೆ ಹೋಗಿ ನಿಂತಳು. ನಡಿಗೆಗೆ ಬೇರೊಬ್ಬ ತಾತ್ಕಾಲಿಕ ಮಾರ್ಗದರ್ಶಿಯನ್ನು ನೇಮಿಸಲಾಗಿದೆ. ನಿನ್ನೆಯ ಸಂಜೆಗೆ ಅವನ ನಾಲ್ಕು ನಡಿಗೆ ಮುಗಿದಿದೆ.