ನೂರೈದು ಘನ ಅಡಿ ಗಾಳಿ

ಈ ಸಲ ಜೀಪನ್ನು ಸಂಡೂರಿನ ಘಟ್ಟಕ್ಕೆ ಮೂರನೇ ಗೇರಿನಲ್ಲೇ ಹತ್ತಿಸಿ ತೋರಿಸುವುದಾಗಿ ಕಂಪ್ಲಿಯ ಅಕ್ಕಿ ಗಿರಣಿಯ ಅಂದಾನಪ್ಪ ಘೋಷಿಸಿದ. ಹೋದ ಸಲ ಬೀಗರೆಲ್ಲ ಇಳಿದು ತಳ್ಳಿದ್ದರು. ಆ ಅವಮಾನ ಅವನನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ. ಗುರುವಾರ ಬಸುರಿ ನಾದಿನಿ ಸ್ಫೂರ್ತಿಯ ಕುಬುಸದ ಶಾಸ್ತ್ರ ಬೇರೆ. ಹನ್ನೊಂದರ ಮುಹೂರ್ತಕ್ಕೆ ಹೆಂಡತಿ ಸಂಗಮ್ಮ ತಂಗಿಗೆ ಹಸಿರು ಸೀರೆ ಉಡಿಸಬೇಕು.

"ಒಂದು ಎಚ್‌ಪಿಗೆ ನಿಮಿಷಕ್ಕ ಒಂದೂವರೆ ಘನ ಅಡಿ ಗಾಳಿ ಬೇಕು," ಎಂದ. "ನನಗ ಎಪ್ಪತ್ತು ಎಚ್‌ಪಿ ಬೇಕಾಗ್ಯಾವ. ಅಂದ್ರ ನೂರೈದು ಘನ ಅಡಿ."

"ಬರೇ ಗಾಳಿ ಕುಡಿದು ಘಟ್ಟ ಹತ್ತತೈತೇನ್ರಿ?"

"ಡೀಸೆಲ್ಲೂ ಹೆಚ್ಚು ಮಾಡ್ಸೀನಿ. ನೀ ಸುಮ್ನ ಬುತ್ತಿ ಕಟ್ಟು."

ಇಂಜಿನ್ನಿಗೆ ಗಾಳಿ ಎಳೆಯುವ ಹಳೆಯ ಕೊಳವೆ ಸಣ್ಣದೆಂದು ಕಿತ್ತೆಸೆದು, ಗಿರಣಿಯ ದಪ್ಪ ಕೊಳವೆಯನ್ನು ಜೋಡಿಸಿದ. ರಸ್ತೆಯಲ್ಲಿ ಅದಿರಿನ ಕೆಂಪು ಧೂಳು. ಆದ್ದರಿಂದ ಕೊಳವೆಯ ಬಾಯನ್ನು ಜೀಪಿನೊಳಗೆ, ಹಿಂದಿನ ಸೀಟಿನ ಕೆಳಗೆ ತಂದು ಜಾಲರಿ ಕಟ್ಟಿದ. ಜಾಣತನವೇ. ಸೀಟಿನ ಕೆಳಗೆ ಬುತ್ತಿಗಂಟು ಇಡುವುದು ಈ ಸೀಮೆಯ ಪದ್ಧತಿ ಎಂಬುದೊಂದು ಲೆಕ್ಕಕ್ಕೆ ಬರಲಿಲ್ಲ.

ಗುರುವಾರ ಹೊಸಪೇಟೆ ದಾಟುವವರೆಗೆ ಜೀಪು ಕುದುರೆಯಂತೆ ಓಡಿತು. ಘಟ್ಟದ ಏರು ಸಿಕ್ಕಿದ್ದೇ ತಡ, ಗಂಟು ಹಿಂದಕ್ಕೆ ಜಾರಿ ಕೊಳವೆಯ ಬಾಯಿಗೆ ಕೂತಿತು. ಜೀಪು ಕೆಮ್ಮಿತು, ಕಪ್ಪು ಹೊಗೆ ಕಾರಿತು, ನಿಂತಿತು. ಹಿಂದೆ ಲಾರಿಗಳು ಹಾರ್ನ್ ಬಾರಿಸತೊಡಗಿದವು. ಅಂದಾನಪ್ಪ ಬಾನೆಟ್ ಎತ್ತುವುದು, ಇಳಿಸುವುದು, ಅಂಗೈ ಮೇಲೆ ಮತ್ತೆ ಗುಣಿಸುವುದು.

"ಹತ್ತೂಕಾಲಾತು," ಎಂದಳು ಸಂಗಮ್ಮ. "ನೀವು ಗುಣಸ್ಕೊಂತ ಬರ್ರಿ. ನಾ ಟಂಟಂ ಆಟೋದಾಗ ಹೊಕ್ಕೀನಿ."

ಸೀರೆ ತೆಗೆದುಕೊಂಡಳು. ಬುತ್ತಿಗಂಟು ಮಾತ್ರ ಯಾವುದಕ್ಕೋ ಅಂಟಿಕೊಂಡಿತ್ತು. ಬಗ್ಗಿ ನೋಡಿದಳು, ಕಿತ್ತುಕೊಂಡಳು, ಟಂಟಂ ಹತ್ತಿ ಹೋದಳು.

ಅಂದಾನಪ್ಪ ಬೇಸತ್ತು ಕೀಲಿ ತಿರುಗಿಸಿದ. ಜೀಪು ಗರ್ಜಿಸಿತು. ಮೂರನೇ ಗೇರು! ಎರಡು ಲಾರಿಗಳನ್ನು ಹಿಂದೆ ಹಾಕಿ ಸಂಡೂರು ಸೇರಿದ.

ಸಂಗಮ್ಮ ಆಗಲೇ ತಂಗಿಗೆ ಸೀರೆ ಉಡಿಸಿ ಮುಗಿಸಿದ್ದಳು. ಅಂಗಳ ತುಂಬಿದ ಬೀಗರ ಮುಂದೆ ಅಂದಾನಪ್ಪ ಎದೆಯುಬ್ಬಿಸಿದ. "ನನ್ನ ಲೆಕ್ಕದಾಗ ತಪ್ಪಿಲ್ರಿ. ಇಂಜಿನ್ ಚಲೋ ಐತಿ. ಇಕಿ ಇಳದ್ಲು ನೋಡ್ರಿ, ಗಾಡಿ ಹಗುರಾತು."

ಹೆಂಗಸರು ಸೆರಗಿನಲ್ಲಿ ನಕ್ಕರು. ಸಂಗಮ್ಮ ಬುತ್ತಿಗಂಟು ಹಿಡಿದು ಒಳಗೆ ಹೋದಳು. ಊಟದ ಪಂಕ್ತಿಯಲ್ಲಿ ಎಲ್ಲರ ಎಲೆಗೂ ಹೋಳಿಗೆ ಬಿತ್ತು. ಗಂಡನ ಎಲೆಗೆ ಮಾತ್ರ ಅವಳೇ ಬುತ್ತಿಯ ಒಂದು ರೊಟ್ಟಿ ತಂದಿಟ್ಟಳು. ಅದರ ಮೇಲೆ ಕೊಳವೆಯ ದುಂಡು ಬಾಯಿ, ಜಾಲರಿಯ ಕಣ್ಣುಕಣ್ಣು ಸಮೇತ ಅಚ್ಚೊತ್ತಿತ್ತು.

ಅಂದಾನಪ್ಪ ರೊಟ್ಟಿ ನೋಡಿದ, ಹೆಂಡತಿಯನ್ನು ನೋಡಿದ. ಪಂಕ್ತಿಯೆಲ್ಲ ಅವನನ್ನೇ ನೋಡಿತು.

"ತಿನ್ರಿ," ಎಂದಳು ಸಂಗಮ್ಮ. "ನಿಮ್ಮ ಇಂಜಿನ್ ಕಚ್ಚಿ ಬಿಟ್ಟಿದ್ದು."