ಜೇಬಿಗೆ ಕೈ ಹಾಕದ ಭಾವನ ನಗರದರ್ಶನ

ನಮ್ಮ ಭಾವನಿಗೆ ಹಸಿವಾಗುವುದು ಪರಿಚಯದವರ ಹೋಟೆಲಿನ ಎದುರಿನಲ್ಲಿ ಮಾತ್ರ! ನಂಬಿಕೆ ಬರಲಿಲ್ಲವೇ? ಬೇಕಾದರೆ ನೀವೇ ಪರೀಕ್ಷೆ ಮಾಡಿ. ಗುರುತಿಲ್ಲದ ಹೋಟೆಲಿನ ಮುಂದೆ ನಿಲ್ಲಿಸಿದರೆ "ಈಗಷ್ಟೇ ತಿಂದು ಬಂದದ್ದು ಮಾರಾಯ" ಎಂದು ಹೊಟ್ಟೆ ಸವರಿಕೊಳ್ಳುತ್ತಾರೆ. ಸ್ವಲ್ಪ ಮುಂದೆ ಉಡುಪಿ ಕಡೆಯವರ ಬೋರ್ಡು ಕಂಡಿತೋ, ಅದೇ ಹೊಟ್ಟೆ ತಾಳ ಹಾಕಲು ಶುರುಮಾಡುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮುಂಬಯಿ ಹತ್ತಿರದ ಡೊಂಬಿವಲಿಯ ಹೋಟೆಲೊಂದರ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದವರು. ಕಲ್ಯಾಣ, ಥಾಣೆ, ನವಿಮುಂಬಯಿ, ಯಾವ ಸ್ಟೇಷನ್ನಿನಲ್ಲಿ ಇಳಿದರೂ ಅವರಿಗೊಬ್ಬ ಹೋಟೆಲಿನ ನೆಂಟನೋ, ನೆಂಟನ ನೆಂಟನೋ ಇದ್ದೇ ಇರುತ್ತಾನೆ. ನಮ್ಮ ಉಡುಪಿ ಕಡೆಯವರಲ್ಲಿ ಒಂದು ಪದ್ಧತಿಯಿದೆಯಲ್ಲ, ಹೋಟೆಲಿನವ ಹೋಟೆಲಿನವನ ದುಡ್ಡು ಮುಟ್ಟುವುದಿಲ್ಲ. ಆದರೆ ಇವನು ಕೊಡಲು ಹೋಗಬೇಕು, ಅವನು ಬೇಡವೆನ್ನಬೇಕು. ಈ ಕಲೆಯಲ್ಲಿ ಭಾವ ಪಳಗಿದ ಕೈ. ಆ ಕೈ ಜೇಬಿನತ್ತ ಹೊರಡುವುದನ್ನು ನೀವು ನೋಡಬೇಕು! ಗೂಡ್ಸ್ ಗಾಡಿಯಾದರೂ ಅಷ್ಟು ನಿಧಾನವಾಗಿ ಹೊರಡುವುದಿಲ್ಲ. ಅದು ಜೇಬು ಮುಟ್ಟುವುದರೊಳಗೆ ಗಲ್ಲಾದವನು "ಛೇ ಛೇ, ಎಂತ ಮಾರ್ರೆ ನೀವು!" ಎಂದು ಆಗಿರುತ್ತದೆ.

ಇಂಥವರ ಕೈಗೆ ನನ್ನ ಮಗನ ಮದುವೆಯ ಮಾತು ಸಿಕ್ಕಿಬಿದ್ದಿತು ನೋಡಿ.

ಮಗ ಪ್ರಣವ್ ಧಾರವಾಡದ ಮೇಘಾ ಎಂಬ ಹುಡುಗಿಯನ್ನು ಮೆಚ್ಚಿದ್ದ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಹಾಶಯನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಬರುವುದು ಹಿಂದಿ. ಧಾರವಾಡದ ಹುಡುಗಿಯನ್ನು ಯಾವ ಭಾಷೆಯಲ್ಲಿ ಒಲಿಸಿದನೋ ದೇವರೇ ಬಲ್ಲ! ಮೇಘಾಳಿಗೆ ತಂದೆಯಿಲ್ಲ. ತಾಯಿ ಶಾಲೆಯಲ್ಲಿ ಪಾಠ ಹೇಳಿಕೊಂಡು ಒಬ್ಬರೇ ಸಾಕಿದ್ದರು. ಮದುವೆಯಾದರೆ ಹುಡುಗಿ ಡೊಂಬಿವಲಿಯಲ್ಲಿ ನಮ್ಮೊಂದಿಗಿದ್ದು, ನವಿಮುಂಬಯಿಯ ಸಾನಪಾಡಾದ ಬ್ಯಾಂಕಿಗೆ ಓಡಾಡಬೇಕು. ತಾಯಿಗೆ ಹುಡುಗ ಒಪ್ಪಿಗೆ, ಊರು ಒಪ್ಪಿಗೆಯಿಲ್ಲ. ಫೋನಿನಲ್ಲಿ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಅಷ್ಟು ದೊಡ್ಡ ಊರಾಗ ನಮ್ಮ ಹುಡುಗೀನ ಯಾರು ಕೇಳ್ತಾರ್ರಿ? ಶನಿವಾರ ರವಿವಾರ ಬಂದು ಕಣ್ಣಾರೆ ನೋಡ್ತೀವಿ. ಮನಸ್ಸು ಒಪ್ಪಿದ್ರ ಹೂಂ ಅಂತೀವಿ. ಇಲ್ಲಾಂದ್ರ ನೀವು ಸಿಟ್ಟು ಮಾಡ್ಕೋಬ್ಯಾಡ್ರಿ."

ಎರಡು ದಿನಕ್ಕೆ ಒಂದು ಕಾರು ಗೊತ್ತುಮಾಡಿ, ಒಳ್ಳೊಳ್ಳೆಯ ಕಡೆ ತಿನ್ನಿಸಿ, ಹೇಗಾದರೂ ಹೂಂ ಅನ್ನಿಸಬೇಕೆಂದು ನಾನು ಓಡಾಡುತ್ತಿದ್ದೆ. ಸುದ್ದಿ ಹೇಗೆ ತಿಳಿಯಿತೋ, ಭಾವ ಬಂದೇಬಿಟ್ಟರು.

"ಕಾರಾ? ಮಂಡೆ ಸಮ ಉಂಟಾ ನಿನಗೆ? ಶಿಳ್ ಫಾಟಾದ ಟ್ರಾಫಿಕ್ ನೋಡಿದ್ರೆ ಅವ್ರು ಅಲ್ಲಿಂದ್ಲೇ ಧಾರವಾಡಕ್ಕೆ ವಾಪಸ್! ಟ್ರೇನು, ಬಸ್ಸು ಸಾಕು. ತಿರುಗಾಟ, ತಿಂಡಿ, ಎಲ್ಲ ನನಗೆ ಬಿಡು."

"ಮಾಮಾ, ಮಿಸಳ್ ತೋ ಖಿಲಾವೋಗೆ ನಾ?" ಎಂದ ಪ್ರಣವ್.

"ಎಲ್ಲ ಉಂಟು," ಎಂದರು ಭಾವ. ಎಲ್ಲ ಇತ್ತು, ಪಾವಿನ ಜೊತೆ ತಿನ್ನುವ ಆ ಖಾರದ ಕಾಳಿನ ಮಿಸಳ್ ಒಂದನ್ನು ಬಿಟ್ಟು.

ಶನಿವಾರ ಬೆಳಿಗ್ಗೆ ತಾಯಿ-ಮಗಳು ಕಲ್ಯಾಣದಲ್ಲಿ ಇಳಿದರು. ಮನೆಗೆ ಬಂದು ಮುಖ ತೊಳೆಯಲೂ ಬಿಡದೆ ಭಾವ ಅವರನ್ನು ಸ್ಟೇಷನ್ ಹೊರಗಿನ ಹೋಟೆಲಿಗೆ ನುಗ್ಗಿಸಿದರು. "ಎಂಚ ಉಲ್ಲರ್?" ಎಂದು ತುಳುವಿನಲ್ಲಿ ಕುಶಲೋಪರಿ ನಡೆಯಿತು. ಇಡ್ಲಿ ಸಾಂಬಾರು ಬಂತು, ಬಿಲ್ಲು ಬರಲಿಲ್ಲ. ಸರಿ, ಪ್ರಯಾಣದ ಹಸಿವು, ನಡೆಯುತ್ತದೆ ಅಂದುಕೊಂಡೆ.

ಸಂಜೆ ಎಲ್ಲಿಗೆ ಕರೆದೊಯ್ದರು ಗೊತ್ತೇ? ಭಿವಂಡಿಗೆ! ಹೆಣ್ಣು ಕೊಡಲು ಬಂದವರಿಗೆ ಯಾವ ಪುಣ್ಯಾತ್ಮನಾದರೂ ಭಿವಂಡಿ ತೋರಿಸುತ್ತಾನೆಯೇ? ಒಂದು ಕಡೆ ವಿದ್ಯುತ್ ಮಗ್ಗಗಳ ಖಟಖಟ, ಇನ್ನೊಂದು ಕಡೆ ಗೋಡೌನುಗಳು, ನಡುವೆ ಮೈಲುದ್ದ ಲಾರಿಗಳು. "ನೋಡಿ ಅಕ್ಕಾ, ಧಾರವಾಡಕ್ಕೆ ಬರುವ ಪಾರ್ಸೆಲ್ಲು ಇಲ್ಲಿಂದ್ಲೇ ಹೊರಡುದು!" ಎಂದು ಭಾವ ಕೈ ಬೀಸಿ ತೋರಿಸಿದರು. ತಾವೇ ಕಟ್ಟಿಸಿದ ಅರಮನೆಯೇನೋ ಎಂಬ ಠೀವಿ! ಆ ತಾಯಿ ಮೂಗಿಗೆ ಸೆರಗು ಹಿಡಿದುಕೊಂಡು ಲಾರಿ ನೋಡಿದರು. ಗೋಡೌನಿನ ಪಕ್ಕದಲ್ಲಿ ಭಾವನ ದೂರದ ಅಳಿಯನ ಕ್ಯಾಂಟೀನು. ಅಲ್ಲಿ ಬಿಸಿಬಿಸಿಯಾಗಿ ಏನು ಬಂತು ಹೇಳಿ? ಇಡ್ಲಿ!

ರವಿವಾರ ಥಾಣೆಯ ನೌಪಾಡಾ. ಮಿಸಳ್ ಅಂಗಡಿಯ ಘಮ ಬೀದಿಗೆಲ್ಲ ಹರಡಿತ್ತು, ಹೊರಗೆ ಜನರ ಸಾಲು. ಪ್ರಣವ್ ಅಲ್ಲಿಯೇ ಕಾಲೂರಿದ. "ಅದು ಬರೀ ಖಾರ, ನಾಳೆ ಗೊತ್ತಾಗ್ತದೆ ನಿನಗೆ," ಎಂದು ಭಾವ ಅವನ ರಟ್ಟೆ ಹಿಡಿದು ಆಚೆಯ ಉಡುಪಿ ಹೋಟೆಲಿಗೆ ಎಳೆದೊಯ್ದರು. ನಮ್ಮನ್ನು ಕೂರಿಸಿ ತಾವು ನೆಟ್ಟಗೆ ಅಡುಗೆಮನೆಗೇ ನಡೆದರು, ಸಾಂಬಾರಿನ ಮುಚ್ಚಳ ಎತ್ತಿ "ಹುಳಿ ಜಾಸ್ತಿ ಆಗಿದೆ" ಎಂದು ತೀರ್ಪು ಕೊಟ್ಟು ಬಂದರು. ಪುಕ್ಕಟೆ ತಿನ್ನುವವರಿಗೆ ಹುಳಿಯ ಚಿಂತೆ ಬೇರೆ!

ತಟ್ಟೆ ನೋಡಿ ಮೇಘಾಳ ತಾಯಿಯ ಸಹನೆ ಮುಗಿಯಿತು. "ಅಣ್ಣಾವ್ರ, ತಪ್ಪು ತಿಳ್ಕೋಬ್ಯಾಡ್ರಿ. ಇಡ್ಲಿ ಧಾರವಾಡದಾಗೂ ಸಿಗ್ತಾವ. ನಾವು ಊರು ನೋಡಾಕ ಬಂದೇವಿ."

"ಇದೇ ಊರು ಅಕ್ಕಾ!" ಎಂದರು ಭಾವ, ವಡೆ ಮುರಿಯುತ್ತ.

ಪ್ರಣವ್ ನನ್ನ ಕಿವಿಯಲ್ಲಿ "ಪಪ್ಪಾ, ಕೇಸ್ ಗಯಾ" ಎಂದ. ಮದುವೆ ಮುರಿಯಿತು ಎನ್ನುವುದೇ ಅವನ ಮುಖದಲ್ಲಿತ್ತು. ಭಾವನನ್ನು ಮುಂದಿನ ಟ್ರೇನಿಗೆ ಹತ್ತಿಸಿ ಯಾವುದಾದರೂ ದೂರದ ಊರಿಗೆ ಕಳಿಸಿಬಿಡೋಣ ಅನ್ನಿಸಿತು.

ಕೊನೆಗೆ ಸಾನಪಾಡಾ. ಹುಡುಗಿ ಮುಂದೆ ಕೆಲಸಕ್ಕೆ ಬರಬೇಕಾದ ಜಾಗ. ಮತ್ತೆ ಪರಿಚಯದ ಹೋಟೆಲು. ತಾಯಿ ತಟ್ಟೆ ಮುಟ್ಟಲಿಲ್ಲ. ಇಷ್ಟು ಮಾನ ಹೋದದ್ದು ಸಾಕು, ಇಲ್ಲಿಯಾದರೂ ದುಡ್ಡು ಕೊಟ್ಟು ಮರ್ಯಾದೆ ಉಳಿಸಿಕೊಳ್ಳೋಣವೆಂದು ನಾನು ಗಲ್ಲಾದತ್ತ ಹೋದೆ. ಮುಖ ತೊಳೆದುಕೊಂಡು ಆ ತಾಯಿಯೂ ನನ್ನ ಹಿಂದೆಯೇ ಬಂದರು. ಅಲ್ಲಿ ಭಾವ ಮೇಘಾಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಲೀಕನಿಗೆ ಹೇಳುತ್ತಿದ್ದರು:

"ಈ ಹುಡುಗಿಯ ಮುಖ ಸರಿ ನೋಡಿಟ್ಟುಕೊಳ್ಳಿ. ನಮ್ಮ ಸೊಸೆ ಆಗುವವಳು. ಆಗದಿದ್ರೂ ನಮ್ಮವಳೇ. ಇಲ್ಲೇ ಬ್ಯಾಂಕಿಗೆ ಬರ್ತಾಳೆ. ಮಳೆಗೆ ಟ್ರೇನ್ ನಿಂತ್ರೆ ನಿಮ್ಮಲ್ಲಿಗೇ ಬರ್ತಾಳೆ. ಒಳಗೆ ಕೂರಿಸಿ, ನನಗೊಂದು ಫೋನ್ ಮಾಡಿ."

ಆಮೇಲೆ ಮೇಘಾಳ ಕಡೆಗೆ ತಿರುಗಿದರು. "ಕಲ್ಯಾಣದವನಿಗೆ, ನೌಪಾಡಾದವನಿಗೆ, ಎಲ್ಲರಿಗೂ ಹೇಳಿ ಆಗಿದೆ ಮಗಾ. ಭಿವಂಡಿಯವನ ಹತ್ರ ಟೆಂಪೊ ಉಂಟು, ಎಲ್ಲಿ ಸಿಕ್ಕಿಬಿದ್ರೂ ಬಂದು ಮನೆಗೆ ಮುಟ್ಟಿಸ್ತಾನೆ. ಯಾವ ಸ್ಟೇಷನ್ನಲ್ಲಿ ಇಳಿದ್ರೂ ನಿನ್ನ ಗುರುತು ಇರುವ ಒಬ್ರು ಬೇಕು. ನಾನು ಈ ಊರಿಗೆ ಮೊದಲು ಬಂದಾಗ ಯಾರೂ ಇರ್ಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಕೂತು ಅತ್ತಿದ್ದೇನೆ ನಾನು."

ಆ ತಾಯಿ ಒದ್ದೆ ಕೈಯಲ್ಲೇ ಮುಂದೆ ಬಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಸಾಕ್ರಿ ಅಣ್ಣಾವ್ರ," ಎಂದರು. "ನಾ ಊರು ನೋಡಿದೆ. ಇನ್ನ ಮುಹೂರ್ತ ನೋಡ್ರಿ."

ಎಲ್ಲದಕ್ಕೂ ಉತ್ತರ ಸಿದ್ಧವಿಟ್ಟುಕೊಳ್ಳುವ ಭಾವ ಮಕ್ಕಳ ಹಾಗೆ ಅತ್ತುಬಿಟ್ಟರು. ನಾನು ಅವರ ಹೆಗಲು ಹಿಡಿದುಕೊಂಡು ನಿಂತೆ. ನನಗೆ ಆ ಮನುಷ್ಯನ ಮೇಲೆ ತಡೆಯಲಾರದಷ್ಟು ಪ್ರೀತಿ ಉಕ್ಕಿ ಬಂದಿತ್ತು.