ಕಾಕಾನ ಹತ್ತು ದಿನದ ಕೋರ್ಸು

ನಮ್ಮ ಕಾಕಾ ಜ್ವರವನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ ಮನುಷ್ಯ. ನಗಬೇಡಿ. ಹಾಜರಿ ಪಟ್ಟಿಯ ಸಮೇತ ದಾಖಲೆ ಇದೆ, ಅದರ ಮೇಲೆ ಅವರ ಹೆಂಡತಿ, ನಮ್ಮ ಕಾಕೂನ ಸಹಿಯೂ ಇದೆ!

ತೊಂಬತ್ತರ ದಶಕದ ಕೊನೆಯ ಮಾತು. ಧಾರವಾಡದಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಕಾಕಾ ಕಾಲೇಜೊಂದರ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಸುಮ್ಮನೆ ಕೂಡುವ ಜೀವವೇ ಅದು? ಓಣಿಯ ನಾಯಿಗಳನ್ನೆಲ್ಲ ಕಟ್ಟೆಗೆ ಕರೆದು, ಒಂದೊಂದರ ಕಿವಿ ಹಿಡಿದು ಉಣ್ಣಿ ಕೀಳುವ ಕೆಲಸ ಹಚ್ಚಿಕೊಂಡರು. ಅದೂ ಬರಿಗೈಯಲ್ಲಿ! ಚಿಮಟದಿಂದ ಕೀಳಿರಿ ಎಂದರೆ ನಾಯಿಗೆ ನೋವಾಗುತ್ತದಂತೆ. ಮನೆಯ ಮನುಷ್ಯರ ಚಿಂತೆ ಯಾರಿಗಿದೆ?

ಆಗಬೇಕಾದ್ದು ಆಯಿತು. ಮೈ ಸುಡುವ ಜ್ವರ, ತಲೆನೋವು, ನಾಲ್ಕನೆಯ ದಿನಕ್ಕೆ ಅಂಗೈ ಅಂಗಾಲಿನ ಮೇಲೂ ಕೆಂಪು ಚುಕ್ಕೆ. ಮೈಮೇಲೆ ಅಮ್ಮ ಎದ್ದಿದ್ದಾಳೆಂದು ಕಾಕೂ ಬೇವಿನ ಸೊಪ್ಪು ತರಿಸಿದಳು. ನಾನು ಇಬ್ಬರನ್ನೂ ಬೈದು, ಕಾಕಾನನ್ನು ಆಟೋದಲ್ಲಿ ಹೇರಿಕೊಂಡು ಡಾಕ್ಟರ ಹತ್ತಿರ ಒಯ್ದೆ. ಅವರು ಕಂಕುಳಿನ ಹತ್ತಿರ ಒಂದು ಕಪ್ಪು ಹಕ್ಕಳೆ ಹುಡುಕಿ, ಇದು ಉಣ್ಣಿ ಕಚ್ಚಿ ಬಂದ ಜ್ವರ, ಲಗೂ ಬಂದದ್ದು ಒಳ್ಳೆಯದಾಯಿತು ಎಂದರು. ಹತ್ತು ದಿನಕ್ಕೆ ಕ್ಯಾಪ್ಸೂಲ್ ಬರೆದರು.

"ಜ್ವರ ಇಳೀತು ಅಂತ ನಡುವ ಬಿಡಬ್ಯಾಡ್ರಿ. ಕೋರ್ಸ್ ಪೂರ್ತಿ ಮುಗಿಸ್ರಿ."

ಕೋರ್ಸ್! ಆ ಶಬ್ದವನ್ನು ಜಗತ್ತಿನಲ್ಲಿ ಬೇರೆ ಯಾರ ಮುಂದಾದರೂ ಆಡಬಾರದಿತ್ತೇ ಆ ಡಾಕ್ಟರು? ಮನೆಗೆ ಬಂದವರೇ ಕಾಕಾ ಒಂದು ಹಳೆಯ ಉತ್ತರಪತ್ರಿಕೆಯ ಹಾಳೆ ತೆಗೆದು ಗೆರೆ ಹೊಡೆದರು. ದಿನಾಂಕ, ವೇಳೆ, ಮೇಲ್ವಿಚಾರಕರ ಸಹಿ. ಮೇಲ್ವಿಚಾರಕಿ ಯಾರು? ನಮ್ಮ ಕಾಕೂ! ಪಾಪ, ರೊಟ್ಟಿ ಬಡಿಯುವ ಕೈ ತೊಳೆದುಕೊಂಡು ಬಂದು ಸಹಿ ಮಾಡಬೇಕು. ಗುಳಿಗೆ ನುಂಗಿ ಅರ್ಧ ಗಂಟೆ ಮಲಗಬಾರದೆಂದು ಡಾಕ್ಟರು ಹೇಳಿದ್ದಕ್ಕೆ ಕಾಕಾ ಕುರ್ಚಿಯಲ್ಲಿ ನೆಟ್ಟಗೆ ಕೂತು ಪರೀಕ್ಷಾ ಕೊಠಡಿಯ ಶಾಂತತೆ ಬೇಡುತ್ತಿದ್ದರು. ಒಮ್ಮೆ ನನ್ನ ಕುಕ್ಕರ್ ಸೀಟಿ ಹೊಡೆಯಿತು. ನನ್ನನ್ನೇ ಹೊರಗೆ ಕಳಿಸಿದರು!

ಎರಡೇ ದಿನಕ್ಕೆ ಜ್ವರ ಇಳಿಯಿತು. ಹನ್ನೊಂದನೆಯ ದಿನ ಕಾಕಾ ಹಾಜರಿ ಪಟ್ಟಿ ಹಿಡಿದು ಡಾಕ್ಟರ ಮುಂದೆ ನಿಂತು ರಿಜಲ್ಟ್ ಕೇಳಿದರಂತೆ. ಅವರೂ ನಕ್ಕು ಫಸ್ಟ್ ಕ್ಲಾಸ್ ಎಂದರಂತೆ. ಓಣಿಯಲ್ಲಿ ಎಲ್ಲರಿಗೂ ಗೊತ್ತಾಯಿತು.

ಅಲ್ಲಿಗೆ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. ಎರಡು ವಾರ ಕಳೆದ ಮೇಲೆ ಕಾಕಾ ಮೊಣಕಾಲು ನೋವು ಎನ್ನತೊಡಗಿದರು. ಬೆರಳ ಸಂದು ಹಿಡಿಯುತ್ತವೆ ಎಂದರು. ಹಾಲಿನ ಅಂಗಡಿಗೆ ಹೋದವರು ಅರ್ಧ ದಾರಿಯಲ್ಲಿ ಯಾರದೋ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಪಾಸಾದವನು ಮತ್ತೆ ಕ್ಲಾಸಿಗೆ ಯಾಕೆ ಬರುತ್ತಾನೆ ಎಂದು ನಮ್ಮಪ್ಪ ನಗೆಯಾಡಿದ. ಎಲ್ಲರೂ ನಕ್ಕರು. ನಾನು ಇನ್ನೂ ಒಂದು ಹೆಜ್ಜೆ ಮುಂದೆ! ನಮ್ಮಲ್ಲಿ ನಳಕ್ಕೆ ವಾರಕ್ಕೊಮ್ಮೆ ನೀರು ಬರುತ್ತಿತ್ತು, ಅವತ್ತು ಮನೆಮಂದಿಯೆಲ್ಲ ಕೊಡ ಹೊರಬೇಕು. ಸರಿಯಾಗಿ ಅವತ್ತೇ ಈ ಮನುಷ್ಯ ಕುರ್ಚಿ ಬಿಟ್ಟು ಏಳಲಿಲ್ಲ. ಸಿಟ್ಟು ನೆತ್ತಿಗೇರಿತು. ಸೋಗು ಹಾಕಬೇಡಿರಿ ಎಂದು ಎಲ್ಲರೆದುರೇ ಅಂದೆ. ಕಾಕಾ ಅವತ್ತಿನಿಂದ ನೋವಿನ ಸುದ್ದಿಯನ್ನೇ ಎತ್ತಲಿಲ್ಲ. ಗೆದ್ದೆನೆಂದುಕೊಂಡೆ.

ತಿಂಗಳ ಮೇಲೆ ಅವರ ಅಂಗಿ ಇಸ್ತ್ರಿ ಮಾಡಲು ತೆಗೆದರೆ ಕಿಸೆಯಲ್ಲಿ ಅದೇ ಕ್ಯಾಪ್ಸೂಲಿನ ಹೊಸ ಪಟ್ಟಿ, ಒಂದಲ್ಲ, ಎರಡು! ಡಾಕ್ಟರ ಚೀಟಿಯಿಲ್ಲದೆ ಪೆಪ್ಪರಮಿಂಟು ಕೊಟ್ಟಂತೆ ಕೊಟ್ಟ ಆ ಔಷಧಿ ಅಂಗಡಿಯವನಿಗೆ ಏನನ್ನಬೇಕು? ಇಷ್ಟು ವರ್ಷ ನೌಕರಿ ಮಾಡಿ ಬಂದ ಇವರಿಗಾದರೂ ಬುದ್ಧಿ ಬೇಡವೇ? ಪಟ್ಟಿಯನ್ನು ಮುಖದ ಮುಂದೆ ಹಿಡಿದು, ಯಾರನ್ನು ಕೇಳಿ ತಂದಿರಿ, ಫೇಲಾಗಿದ್ದೀರೇನು ಮತ್ತೆ ಪರೀಕ್ಷೆ ಕಟ್ಟಲಿಕ್ಕೆ ಎಂದು ಒದರಾಡಿದೆ.

"ನುಂಗಾಕ ತಂದಿಲ್ಲವಾ," ಎಂದರು ಕಾಕಾ. "ಗುಳಿಗಿ ಇರೋತನಾ ಎಲ್ಲಾರೂ ಹೆಂಗದೀರಿ ಅಂತ ಕೇಳತಿದ್ರಿ. ಗುಳಿಗಿ ಮುಗಿದ ಮ್ಯಾಲ ನಾ ಕಳ್ಳ ಆದೆ. ಟೇಬಲ್ ಮ್ಯಾಲ ಕಾಣೂಹಂಗ ಇಡೂಣು ಅಂತ ತಂದೆ."

ಪಟ್ಟಿ ತಿರುಗಿಸಿ ನೋಡಿದೆ. ಒಂದೂ ಒಡೆದಿರಲಿಲ್ಲ. ನನಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ.

ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಸೀದಾ ಡಾಕ್ಟರ ಹತ್ತಿರ ಹೋದೆ. ರೋಗದ ಹುಳ ಸತ್ತಿವೆ, ಇನ್ನೆಷ್ಟು ಗುಳಿಗೆ ನುಂಗಿದರೂ ಉಪಯೋಗವಿಲ್ಲ, ಆದರೆ ಕೆಲವರಿಗೆ ದಣಿವು, ಸಂದುನೋವು ತಿಂಗಳುಗಟ್ಟಲೆ ಉಳಿಯುತ್ತವೆ, ನಿಧಾನಕ್ಕೆ ಹೋಗುತ್ತವೆ ಎಂದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲವೆಂದು ಅವರ ಮೇಲೂ ಹರಿಹಾಯ್ದೆ. ಪಾಸಾದ ದಿನದ ಮೇಲೆ ಯಾರೂ ಬರಲೇ ಇಲ್ಲವಲ್ಲ ಎಂದರು. ನಿಜ. ಯಾರು ಕರೆದುಕೊಂಡು ಹೋಗಬೇಕಿತ್ತು?

ಮನೆಗೆ ಬಂದೆ. ಕಾಕಾ ಕಿಟಕಿಯ ಹತ್ತಿರ ಕೂತಿದ್ದರು. ಡಾಕ್ಟರು ಏನೆಂದರೆಂದು ಕೇಳಿದರು.

"ನಿಮ್ಮ ನೋವು ಖರೇ ಐತಿ ಅಂದ್ರು, ಕಾಕಾ."

ಕಿಟಕಿಯಿಂದ ನನ್ನ ಕಡೆ ತಿರುಗಿ ಕೇಳಿದರು: "ನೀ ಏನಂತಿ?"

ಕೆಳಗೆ ಕೂತು ಅವರ ಮೊಣಕಾಲಿನ ಮೇಲೆ ಕೈ ಇಟ್ಟೆ. ಇಟ್ಟೊಡನೆ ಅವರು ಉಸಿರು ಬಿಗಿಹಿಡಿದರು. ಎರಡು ತಿಂಗಳು ಒಂದೇ ಮನೆಯಲ್ಲಿದ್ದು ಬರೀ ಬೈದಿದ್ದೆ, ಒಂದು ಸಲವೂ ಮುಟ್ಟಿ ನೋಡಿರಲಿಲ್ಲ.